ರೋಟರಿ ಎಂಜಿನ್‌ಗೆ ಬದಲಿ ನಾಕ್ ಸೆನ್ಸರ್: ಎಫ್‌ಡಿಯ 13ಬಿ ಮೇಲಿನ ಕೆಲಸದ ದಾಖಲೆ

ಗಾಡಿ ಮಜ್ದಾ ಆರ್‌ಎಕ್ಸ್-7, ಎಫ್‌ಡಿ ತಲೆಮಾರು. ಎಂಜಿನ್ 13ಬಿ-ಆರ್‌ಇಡಬ್ಲ್ಯೂ, ಅಂದರೆ ಪಿಸ್ಟನ್ ಬದಲು ಎರಡು ತ್ರಿಕೋನ ರೋಟರ್ ತಿರುಗುವ ಟರ್ಬೊ ರೋಟರಿ; ಒಂದೊಂದು ರೋಟರ್‌ಗೆ 654 ಸಿಸಿಯಂತೆ ಒಟ್ಟು 1308 ಸಿಸಿ. ಮೂಲ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ತೆಗೆದು ಸ್ವತಂತ್ರ ಇಸಿಯು ಹಾಕಿ ಆಗಿದೆ. ನಾಕ್ ಎಂದರೆ ಕೋಣೆಯೊಳಗೆ ಉರಿಯದೆ ಉಳಿದ ಮಿಶ್ರಣ ಜ್ವಾಲೆ ತಲುಪುವ ಮೊದಲೇ ತಾನಾಗಿ ಸಿಡಿಯುವುದು; ಆ ಕಂಪನವನ್ನು ಕೇಳಿಸಿಕೊಳ್ಳುವುದು ನಾಕ್ ಸೆನ್ಸರ್. ನಾಕ್ ಸೆನ್ಸರ್‌ನ ಕನೆಕ್ಟರ್ ಶಾಖಕ್ಕೆ ಬಿಸ್ಕತ್ತಿನಂತಾಗಿ ಕೈ ತಾಗಿದರೆ ಉದುರುತ್ತಿದೆ, ಲಾಗ್‌ನಲ್ಲಿ (ಇಸಿಯು ಬರೆದಿಡುವ ದಾಖಲೆಯಲ್ಲಿ) ನಾಕ್ ಚಾನೆಲ್ ನೆಟ್ಟಗೆ ಸೊನ್ನೆ. ಬದಲಿ ಯಾವುದು ಹಾಕಬೇಕು, ಎಲ್ಲಿ ಕೂರಿಸಬೇಕು, ಕೂರಿಸಿದ ಮೇಲೆ ಅದು ಹೇಳುವ ಮಾತನ್ನು ಎಷ್ಟು ನಂಬಬೇಕು, ಈ ದಾಖಲೆ ಇಷ್ಟಕ್ಕೇ ಸೀಮಿತ.

ಪಿಸ್ಟನ್ ಎಂಜಿನ್‌ಗೂ ರೋಟರಿಗೂ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಉಳಿದ ಎಲ್ಲ ತೀರ್ಮಾನಗಳೂ ಅದರಿಂದಲೇ ಹುಟ್ಟುತ್ತವೆ. ಪಿಸ್ಟನ್ ಎಂಜಿನ್‌ನಲ್ಲಿ ಹೊಸ ಸೆನ್ಸರ್ ಹಾಕಿದವರು ಕಡಿಮೆ ಲೋಡ್‌ನಲ್ಲಿ ಟೈಮಿಂಗ್ (ಕಿಡಿ ಹಾರುವ ಗಳಿಗೆ) ಒಂದೆರಡು ಡಿಗ್ರಿ ಹೆಚ್ಚಿಸಿ, ಬೇಕಂತಲೇ ಸಣ್ಣಗೆ ನಾಕ್ ಬರಿಸಿ, ಗ್ರಾಫ್‌ನಲ್ಲಿ ಅದು ಹೇಗೆ ಕಾಣುತ್ತದೆ ಎಂದು ನೋಡಿಕೊಳ್ಳುತ್ತಾರೆ. ಟರ್ಬೊ ರೋಟರಿಯಲ್ಲಿ ಆ ಪ್ರಯೋಗ ಮಾಡುವಂತಿಲ್ಲ. 1986ರ ನಂತರದ 13ಬಿಗಳ ಅಪೆಕ್ಸ್ ಸೀಲ್ (ರೋಟರ್‌ನ ತುದಿಯಲ್ಲಿ ಅನಿಲ ಸೋರದಂತೆ ತಡೆಯುವ ಪಟ್ಟಿ) ಕೇವಲ 2 ಮಿಲಿಮೀಟರ್ ದಪ್ಪ. ಬೂಸ್ಟ್‌ನಲ್ಲಿ (ಟರ್ಬೊ ಒತ್ತಿ ತುಂಬುವ ಗಾಳಿಯ ಒತ್ತಡದಲ್ಲಿ) ಬರುವ ಒಂದೇ ಗಟ್ಟಿ ಹೊಡೆತ ಅದನ್ನು ಮುರಿಯಬಲ್ಲದು. ಮುರಿದ ಚೂರು ಹೌಸಿಂಗ್‌ನ (ರೋಟರ್ ಸುತ್ತಲಿನ ಹೊರಕವಚದ) ಕ್ರೋಮ್ ಪದರವನ್ನು ಗೀರಿ, ಎಕ್ಸಾಸ್ಟ್ ಪೋರ್ಟ್‌ನಿಂದ ಹೊರಬಿದ್ದು ಟರ್ಬೈನ್ ಚಕ್ರದ ಅಲಗುಗಳನ್ನೂ ಕಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಇಲ್ಲಿ ನಾಕ್‌ನ ಮಾದರಿ ಸದ್ದು ಎಂದೂ ಕೈಗೆ ಸಿಗುವುದಿಲ್ಲ. ಸಿಗುವುದು ನಾಕ್ ಇಲ್ಲದಾಗಿನ ಸದ್ದು ಮಾತ್ರ. ಆ ಸದ್ದನ್ನು ನಿಖರವಾಗಿ, ದಿನದಿಂದ ದಿನಕ್ಕೆ ಬದಲಾಗದೆ ಅಳೆದುಕೊಡುವ ಸೆನ್ಸರ್ರೇ ಒಳ್ಳೆಯ ಸೆನ್ಸರ್. "ಹೆಚ್ಚು ಸೂಕ್ಷ್ಮ" ಎಂಬ ಬಿರುದು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ.

ಹಳೆಯದು ನಿಜಕ್ಕೂ ಸತ್ತಿದೆಯೇ?

ಹೊಸದನ್ನು ತರಿಸುವ ಮೊದಲು ಹಳೆಯದನ್ನೂ ಅದರ ವೈರನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಬೇಕು. ಸೆನ್ಸರ್ ಒಳಗಿರುವುದು ಪೀಜೋ ಹರಳು (ಕಂಪಿಸಿದಾಗ ವಿದ್ಯುತ್ ಹುಟ್ಟಿಸುವಂಥದ್ದು), ಅದು ಸುಲಭಕ್ಕೆ ಸಾಯುವುದಿಲ್ಲ. ಸಾಯುವುದು ಕನೆಕ್ಟರ್, ಹಾರ್ನೆಸ್‌ನ (ವೈರ್ ಕಂತೆಯ) ಶೀಲ್ಡ್ ಎಂಬ ಹೊರಜಾಲರಿ, ಇಲ್ಲವೇ ಸೆನ್ಸರ್ ಮೈಯೊಳಗೆ ಇಳಿದ ಎಣ್ಣೆಯಿಂದ ಹಾಳಾದ ಇನ್ಸುಲೇಷನ್.

ಇಸಿಯು ಕಡೆಯ ಪ್ಲಗ್ ಕಳಚಿ, ಸಿಗ್ನಲ್ ವೈರ್‌ಗೂ ಶೀಲ್ಡ್‌ಗೂ ನಡುವೆ ಓಮ್ ಮೀಟರ್ ಹಿಡಿಯಿರಿ. ಸೆನ್ಸರ್ ಕಡೆಯೂ ಕಳಚಿರಬೇಕು. ಮೆಗಾ ಓಮ್‌ಗಳಲ್ಲಿ ಓದು ಬರಬೇಕು; ಕಿಲೋ ಓಮ್‌ಗೆ ಇಳಿದಿದ್ದರೆ ವೈರ್ ಒಳಗೆ ತೇವ ಸೇರಿದೆ ಅಥವಾ ಶೀಲ್ಡ್‌ನ ಎಳೆ ಒಳತಂತಿಗೆ ಚುಚ್ಚಿದೆ. ಬಳಿಕ ಸೆನ್ಸರ್ ಒಂದನ್ನೇ ಅಳೆಯಿರಿ. ಎರಡು ಪಿನ್‌ನ ಡೋನಟ್ ಆಕಾರದವುಗಳಲ್ಲಿ ಒಳಗೆ ಸಮಾನಾಂತರ ರೆಸಿಸ್ಟರ್ ಇದ್ದರೆ ಸಾಮಾನ್ಯವಾಗಿ 4.9 ಮೆಗಾ ಓಮ್ ಆಸುಪಾಸು ತೋರಿಸುತ್ತದೆ. ಒಂದೇ ವೈರ್‌ನ ಸ್ಕ್ರೂ ಮಾದರಿಗಳಲ್ಲಿ ಈ ಸಂಖ್ಯೆ ತಯಾರಕರಿಂದ ತಯಾರಕರಿಗೆ ಬೇರೆ: ಜಿಎಂನ ಹಳೆಯವು ಸುಮಾರು 3.9 ಕಿಲೋ ಓಮ್, ನಂತರದವು 100 ಕಿಲೋ ಓಮ್, ನಿಸ್ಸಾನ್‌ನವು 500ರಿಂದ 620 ಕಿಲೋ ಓಮ್. ಈ ಅಂಕಿಗಳು ಮುಂದೆ ಮತ್ತೆ ಬೇಕಾಗುತ್ತವೆ.

ಓಮ್ ಮೀಟರ್‌ಗಿಂತ ಹೆಚ್ಚು ಹೇಳುವುದು ಕೆಪಾಸಿಟೆನ್ಸ್. ಬಾಷ್‌ನ ಡೋನಟ್ ಮಾದರಿಗೆ ಇದು 1150 ಪಿಕೊಫ್ಯಾರಡ್, 200 ಹೆಚ್ಚು ಕಡಿಮೆ. ಇನ್ನೂರೋ ಮುನ್ನೂರೋ ತೋರಿಸಿದರೆ ಹರಳು ಬಿರುಕು ಬಿಟ್ಟಿದೆ ಅಥವಾ ಒಳಗಿನ ಸಂಪರ್ಕ ಬಿಟ್ಟಿದೆ. ಅಗ್ಗದ ಮಲ್ಟಿಮೀಟರ್‌ಗಳು ಈ ಮಟ್ಟದಲ್ಲಿ ತಮ್ಮ ಪ್ರೋಬ್ ವೈರ್‌ನ ಕೆಪಾಸಿಟೆನ್ಸನ್ನೂ ಸೇರಿಸಿ ಹೇಳುತ್ತವೆ. ಪ್ರೋಬ್‌ಗಳನ್ನು ಗಾಳಿಯಲ್ಲಿ ಹಿಡಿದಾಗಿನ ಓದನ್ನು ಕಳೆಯುವುದು ಮರೆಯಬಾರದು.

ಈ ಗಾಡಿಯಲ್ಲಿ ಶೀಲ್ಡ್ ಕನೆಕ್ಟರ್ ಬಳಿಯೇ ಕಿತ್ತುಹೋಗಿತ್ತು, ಸೆನ್ಸರ್‌ನ ಪಿನ್ ಬುಡವೂ ಸಡಿಲ. ಎರಡನ್ನೂ ಬದಲಿಸಬೇಕು.

ಆಯ್ಕೆ ಶುರುವಾಗುವುದು ಇಸಿಯು ಕಡೆಯಿಂದ

ನಾಕ್ ಸೆನ್ಸರ್‌ಗಳಲ್ಲಿ ಎರಡು ಜಾತಿ. ಮೊದಲನೆಯದು ರೆಸೊನೆಂಟ್: ಒಳಗಿನ ಪೀಜೋ ತಟ್ಟೆ ಒಂದು ನಿರ್ದಿಷ್ಟ ಆವರ್ತನಕ್ಕೆ ಶ್ರುತಿ ಮಾಡಿದ ತಂತಿಯಂತೆ. ಆ ಸ್ವರ ಬಂದಾಗ ಜೋರಾಗಿ ಮಿಡಿಯುತ್ತದೆ, ಉಳಿದವಕ್ಕೆ ಕಿವುಡು. ಫಿಲ್ಟರ್ ಸೆನ್ಸರ್‌ನೊಳಗೇ ಇದ್ದ ಹಾಗೆ, ಆದ್ದರಿಂದ ಹಿಂದಿನ ಸರಳ ಇಸಿಯುಗಳಿಗೆ ಅನುಕೂಲ. ಎರಡನೆಯದು ಫ್ಲಾಟ್: ನಡುವೆ ತೂತಿರುವ ಡೋನಟ್, ಬೋಲ್ಟ್ ಹಾಕಿ ಒತ್ತಿ ಕೂರಿಸುವಂಥದ್ದು. ಬಾಷ್‌ನ ಮಾದರಿ 3ರಿಂದ 25 ಕಿಲೋಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ, ಅದರ ಸ್ವಂತ ಅನುರಣನ 25 ಕಿಲೋಹರ್ಟ್ಸ್‌ಗಿಂತ ಮೇಲಿದೆ, 5 ಕಿಲೋಹರ್ಟ್ಸ್‌ನಲ್ಲಿ ಸಂವೇದನೆ ಒಂದು ಜಿಗೆ ಸುಮಾರು 30 ಮಿಲಿವೋಲ್ಟ್. ಅದು ಎಲ್ಲವನ್ನೂ ಇಸಿಯುಗೆ ಒಪ್ಪಿಸುತ್ತದೆ. ಬೇಕಾದ್ದನ್ನು ಸೋಸಿಕೊಳ್ಳುವುದು ಇಸಿಯು ಕೆಲಸ.

ಮೂಲ ಇಸಿಯು ಇನ್ನೂ ಗಾಡಿಯಲ್ಲಿದ್ದರೆ ಚರ್ಚೆಯೇ ಬೇಡ: ಅದೇ ಎಂಜಿನ್‌ನ, ಅದೇ ತಲೆಮಾರಿನ ಮೂಲ ಸೆನ್ಸರ್. ಎಫ್‌ಸಿ (ಎಫ್‌ಡಿಗಿಂತ ಹಿಂದಿನ ಆರ್‌ಎಕ್ಸ್-7 ತಲೆಮಾರು) ಟರ್ಬೊಗಳಲ್ಲಿ ನಾಕ್‌ಗಾಗಿ ಪ್ರತ್ಯೇಕ ಪೆಟ್ಟಿಗೆಯೇ ಇದೆ, ಅದರ ಸರ್ಕ್ಯೂಟ್ ಆ ಸೆನ್ಸರ್‌ನ ಮಟ್ಟಕ್ಕೇ ಹೊಂದಿಸಿದ್ದು. ಬೇರೆ ಗಾಡಿಯ ಸೆನ್ಸರ್ ಅದೇ ಥ್ರೆಡ್‌ಗೆ ಕೂತಿತು ಎಂದ ಮಾತ್ರಕ್ಕೆ ಹೊಂದಿತು ಎಂದಲ್ಲ. ಅದರ ಶ್ರುತಿ ಬೇರೆಯಾಗಿದ್ದರೆ ನಿಜವಾದ ನಾಕ್ ಬಂದಾಗ ಪೆಟ್ಟಿಗೆ ಸುಮ್ಮನಿರುತ್ತದೆ, ಅಥವಾ ಯಾವುದೋ ಗೇರ್ ಸದ್ದಿಗೆ ಟೈಮಿಂಗ್ ಹಿಂದೆಳೆದು ಎಂಜಿನ್ ಮಂಕಾಗುತ್ತದೆ. ಮೊದಲನೆಯದು ಹೆಚ್ಚು ಕೆಟ್ಟದ್ದು, ಯಾಕೆಂದರೆ ಅದು ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ನಂತರದ ರೋಟರಿ ಕಾರಾದ ಆರ್‌ಎಕ್ಸ್-8ಕ್ಕೆ ಇನ್ನೊಂದು ಕಾರಣವೂ ಇದೆ: ಸೆನ್ಸರ್ ಸರ್ಕ್ಯೂಟ್‌ನ ವೋಲ್ಟೇಜ್ ಎಣಿಕೆಗಿಂತ ಕೆಳಗಿಳಿದರೆ ಪಿ0327, ಮೇಲೇರಿದರೆ ಪಿ0328 ದೋಷದ ಕೋಡ್ ಬರುತ್ತದೆ. ಒಳಗಿನ ರೆಸಿಸ್ಟರ್ ಬೇರೆಯಿರುವ ಸೆನ್ಸರ್ ಹಾಕಿದರೆ ಹರಳು ಚೆನ್ನಾಗಿದ್ದರೂ ಕೋಡ್ ಹೋಗುವುದಿಲ್ಲ. ಹೊರಗಿನಿಂದ ರೆಸಿಸ್ಟರ್ ಬೆಸೆದು ಕೋಡ್ ಅಳಿಸುವ ಉಪಾಯ ಓಡಾಡುತ್ತಿರುತ್ತದೆ. ಎಚ್ಚರಿಕೆಯ ದೀಪ ಆರುತ್ತದೆ, ಕಿವಿ ಮಾತ್ರ ತೆರೆಯುವುದಿಲ್ಲ.

ಅಪೆಕ್ಸಿ ಪವರ್ ಎಫ್‌ಸಿಯಂಥ ಇಸಿಯುಗಳು ನಾಕನ್ನು ಒಂದು ಸಂಖ್ಯೆಯಾಗಿ ತೋರಿಸುತ್ತವೆ. ಆ ಸಂಖ್ಯೆಗೆ ಮಾನವಿಲ್ಲ, ಮೂಲ ಸೆನ್ಸರ್‌ಗೆ ಹೋಲಿಸಿದ ಅಂದಾಜು ಅಷ್ಟೆ. ಸೆನ್ಸರ್ ಜಾತಿ ಬದಲಾದ ದಿನವೇ ಹಳೆಯ "ಇಷ್ಟರ ಒಳಗಿದ್ದರೆ ಕ್ಷೇಮ" ಎಂಬ ಲೆಕ್ಕ ರದ್ದು.

ಸ್ವತಂತ್ರ ಇಸಿಯು ಆದರೆ, ಅದರಲ್ಲಿ ಆವರ್ತನ ಆರಿಸುವ ಫಿಲ್ಟರ್ ಮತ್ತು ಕೋನದ ಕಿಟಕಿ (ಶಾಫ್ಟ್‌ನ ನಿಗದಿತ ಕೋನಗಳ ನಡುವೆ ಮಾತ್ರ ಕೇಳಿಸಿಕೊಳ್ಳುವ ವ್ಯವಸ್ಥೆ) ಎರಡೂ ಇದ್ದರೆ, ಫ್ಲಾಟ್ ಡೋನಟ್ಟೇ ಸರಿ. ಕಾರಣ ಮುಂದಿನ ಲೆಕ್ಕದಲ್ಲಿದೆ.

ಕೈಯಲ್ಲಿರುವ ಗುರುತಿಲ್ಲದ ಸೆನ್ಸರ್ ಯಾವ ಜಾತಿ ಎಂದು ತಿಳಿಯಲು ಒಂದು ಸುಲಭ ದಾರಿ: 50 ಮಿಲಿಮೀಟರ್‌ನ ಘನಾಕಾರದ ಉಕ್ಕಿನ ತುಂಡಿಗೆ ಥ್ರೆಡ್ ಹಾಕಿ ಸೆನ್ಸರ್ ಬಿಗಿದು, ತುಂಡನ್ನು ಸ್ಪಂಜಿನ ಮೇಲಿಟ್ಟು, ಆಸಿಲೋಸ್ಕೋಪ್ (ಸಿಗ್ನಲ್‌ನ ಅಲೆ ತೋರಿಸುವ ಉಪಕರಣ) ಜೋಡಿಸಿ ತುಂಡಿಗೆ ಸಣ್ಣ ಸ್ಪ್ಯಾನರ್‌ನಿಂದ ಒಮ್ಮೆ ತಟ್ಟಿ. ತುಂಡಿನ ಸ್ವಂತ ಸ್ವರ ಬಹಳ ಮೇಲಿರುವುದರಿಂದ ಅದು ಅಡ್ಡಿ ಬರುವುದಿಲ್ಲ. ಗಂಟೆಯಂತೆ ಉದ್ದಕ್ಕೆ ಒಂದೇ ಲಯದಲ್ಲಿ ಮಿಡಿದರೆ ರೆಸೊನೆಂಟ್. ಹತ್ತು ಅಲೆ 1.6 ಮಿಲಿಸೆಕೆಂಡ್ ತೆಗೆದುಕೊಂಡರೆ ಅದರ ಶ್ರುತಿ 6.25 ಕಿಲೋಹರ್ಟ್ಸ್. ಥಟ್ಟನೆ ಎದ್ದು ಥಟ್ಟನೆ ಆರಿದರೆ ಫ್ಲಾಟ್. ತಟ್ಟುವುದು ಉಕ್ಕಿಗೆ, ಸೆನ್ಸರ್‌ಗೆ ಅಲ್ಲ. ವೈಸ್‌ನಲ್ಲಿ ಹಿಡಿದು ತಟ್ಟಿದರೆ ಕೇಳುವುದು ವೈಸ್‌ನ ಸದ್ದು.

ರೋಟರಿಯ ಹೊಟ್ಟೆಯೊಳಗಿನ ಸ್ವರಗಳು

ಪಿಸ್ಟನ್ ಎಂಜಿನ್‌ನಲ್ಲಿ ನಾಕ್‌ನ ಆವರ್ತನ ಬೋರ್‌ನಿಂದ (ಸಿಲಿಂಡರ್‌ನ ವ್ಯಾಸದಿಂದ) ನೇರವಾಗಿ ಬರುತ್ತದೆ. 86 ಮಿಲಿಮೀಟರ್ ಬೋರ್, ಉರಿಯುವ ಅನಿಲದಲ್ಲಿ ಶಬ್ದವೇಗ ಸೆಕೆಂಡಿಗೆ 950 ಮೀಟರ್ ಎಂದುಕೊಂಡರೆ ಸುಮಾರು 6.5 ಕಿಲೋಹರ್ಟ್ಸ್. ರೋಟರಿಯಲ್ಲಿ ಬೋರ್ ಎಂಬುದೇ ಇಲ್ಲ. ಕೋಣೆ ಉದ್ದ, ತೆಳು, ಜೊತೆಗೆ ಚಲಿಸುತ್ತಿರುತ್ತದೆ. 13ಬಿಯ ರೋಟರ್ ಅಗಲ 80 ಮಿಲಿಮೀಟರ್. ಅಡ್ಡಕ್ಕೆ ಅರ್ಧ ಅಲೆ ನಿಂತರೆ ಅದೇ ವೇಗದಲ್ಲಿ 5.9 ಕಿಲೋಹರ್ಟ್ಸ್. ಕೇಂದ್ರದಿಂದ ತುದಿಗೆ 105 ಮಿಲಿಮೀಟರ್, ಅಂದರೆ ತುದಿಯಿಂದ ತುದಿಗೆ ಸುಮಾರು 182. ಉದ್ದಕ್ಕೆ ಅರ್ಧ ಅಲೆ ನಿಂತರೆ 2.6 ಕಿಲೋಹರ್ಟ್ಸ್. ಆದರೆ ಟಾಪ್ ಡೆಡ್ ಸೆಂಟರ್ (ಕೋಣೆ ಅತಿ ಚಿಕ್ಕದಾಗುವ ಸ್ಥಾನ) ಹತ್ತಿರ ಹೌಸಿಂಗ್‌ನ ಸೊಂಟ ಕೋಣೆಯನ್ನು ನಡುವಿನಲ್ಲಿ ಹಿಂಡುತ್ತದೆ, ಆ ಉದ್ದ ಎರಡು ತುಂಡಾಗುತ್ತದೆ, ಸ್ವರ ಮೇಲಕ್ಕೇರುತ್ತದೆ. ಜೊತೆಗೆ ರೋಟರ್ ತಿರುಗುವ ದಿಕ್ಕಿಗೆ ಅನಿಲ ನುಗ್ಗುವುದರಿಂದ ಜ್ವಾಲೆ ಲೀಡಿಂಗ್ (ಮುಂದಿನ) ಕಡೆಗೆ ಬೇಗ ಹರಡಿ, ಟ್ರೇಲಿಂಗ್ (ಹಿಂದಿನ) ಮೂಲೆಯಲ್ಲಿ ಉರಿಯದ ಮಿಶ್ರಣ ಕೊನೆಗೆ ಉಳಿಯುತ್ತದೆ. ನಾಕ್ ಹುಟ್ಟುವುದು ಹೆಚ್ಚಾಗಿ ಅಲ್ಲೇ. ಹೀಗೆ ಒಂದು ಖಚಿತ ಸ್ವರದ ಬದಲು ಕೆಲವು ಕಿಲೋಹರ್ಟ್ಸ್ ಅಗಲದ ಒಂದು ಪಟ್ಟಿ ಸಿಗುತ್ತದೆ. ಯಾವುದೋ ಪಿಸ್ಟನ್ ಎಂಜಿನ್‌ನ ಬೋರ್‌ಗೆ ಶ್ರುತಿ ಮಾಡಿದ ರೆಸೊನೆಂಟ್ ಸೆನ್ಸರ್ ಆ ಪಟ್ಟಿಯ ಒಂದು ಚೂರನ್ನಷ್ಟೇ ಕೇಳುತ್ತದೆ.

ಇನ್ನೊಂದು ಸ್ವರವನ್ನು ಬಹಳ ಮಂದಿ ಲೆಕ್ಕಕ್ಕೇ ತರುವುದಿಲ್ಲ: ಸ್ಟೇಷನರಿ ಗೇರ್, ಅಂದರೆ ಹೌಸಿಂಗ್‌ಗೆ ಬಿಗಿದ, ತಾನು ತಿರುಗದ ಗೇರ್. ಅದಕ್ಕೆ 34 ಹಲ್ಲು, ರೋಟರ್ ಒಳಗಿನ ಗೇರ್‌ಗೆ 51. ಎಕ್ಸೆಂಟ್ರಿಕ್ ಶಾಫ್ಟ್‌ನ (ರೋಟರಿಯ ಮುಖ್ಯ ಶಾಫ್ಟ್) ಒಂದು ಸುತ್ತಿಗೆ 34 ಹಲ್ಲು ಕಚ್ಚುತ್ತವೆ. 7000 ಆರ್‌ಪಿಎಂನಲ್ಲಿ ಅದು ಸುಮಾರು 3970 ಹರ್ಟ್ಸ್, 8000ದಲ್ಲಿ 4530. ಅದರ ಎರಡನೇ ಹಾರ್ಮೋನಿಕ್ (ಎರಡು ಪಟ್ಟು ಆವರ್ತನದ ಸ್ವರ) 5300 ಆರ್‌ಪಿಎಂ ಹತ್ತಿರ ಸರಿಯಾಗಿ 6 ಕಿಲೋಹರ್ಟ್ಸ್ ದಾಟುತ್ತದೆ. ಫಿಲ್ಟರನ್ನು 6ಕ್ಕೆ ಇಟ್ಟು, "5300ರಲ್ಲಿ ಯಾವಾಗಲೂ ನಾಕ್ ಬರುತ್ತದೆ, ಟೈಮಿಂಗ್ ಎಷ್ಟು ಇಳಿಸಿದರೂ ಹೋಗುವುದಿಲ್ಲ" ಎನ್ನುವ ಲಾಗ್ ಎದುರಾದರೆ ಮೊದಲ ಅನುಮಾನ ಈ ಗೇರ್ ಮೇಲೆ ಇರಲಿ. ನಾಕ್ ಟೈಮಿಂಗ್‌ಗೆ ಸ್ಪಂದಿಸುತ್ತದೆ, ಗೇರ್ ಸ್ಪಂದಿಸುವುದಿಲ್ಲ. ಫ್ಲಾಟ್ ಸೆನ್ಸರ್ ಇದ್ದರೆ ಫಿಲ್ಟರ್ ಸರಿಸಿ ನೋಡಬಹುದು. ರೆಸೊನೆಂಟ್ ಇದ್ದರೆ ಆ ದಾರಿ ಮುಚ್ಚಿದಂತೆ.

ಕೂರಿಸುವ ಜಾಗ

ಎರಡು ರೋಟರ್‌ನ ಎಂಜಿನ್ ಒಂದು ಸ್ಯಾಂಡ್‌ವಿಚ್: ಮುಂದಿನ ಕಬ್ಬಿಣದ ಹೌಸಿಂಗ್, ಅಲ್ಯೂಮಿನಿಯಂ ರೋಟರ್ ಹೌಸಿಂಗ್, ನಡುವಿನ ಕಬ್ಬಿಣ, ಇನ್ನೊಂದು ಅಲ್ಯೂಮಿನಿಯಂ, ಹಿಂದಿನ ಕಬ್ಬಿಣ. ಎಲ್ಲವನ್ನೂ ಉದ್ದದ ಟೆನ್ಷನ್ ಬೋಲ್ಟ್‌ಗಳು ಒತ್ತಿ ಹಿಡಿದಿರುತ್ತವೆ. ಒಂದೇ ಎರಕದ ಬ್ಲಾಕ್‌ನಲ್ಲಿ ಕಂಪನ ಸಲೀಸಾಗಿ ಹರಿಯುತ್ತದೆ. ಇಲ್ಲಿ ಪ್ರತಿ ಸಂದಿಯಲ್ಲೂ ಸ್ವಲ್ಪ ಸೋರಿಹೋಗುತ್ತದೆ. ಒಂದು ರೋಟರ್ ಹೌಸಿಂಗ್ ಮೇಲೆ ಕೂತ ಸೆನ್ಸರ್ ತನ್ನ ರೋಟರ್‌ನ ಮಾತು ಚೆನ್ನಾಗಿ ಕೇಳಿ, ಪಕ್ಕದ್ದನ್ನು ಎರಡು ಸಂದಿ ದಾಟಿ ಮಂಕಾಗಿ ಕೇಳುತ್ತದೆ.

ಟರ್ಬೊ ಎಂಜಿನ್‌ನ ರೋಟರ್ ಹೌಸಿಂಗ್‌ನಲ್ಲಿ ಸೆನ್ಸರ್‌ಗೆಂದೇ ಥ್ರೆಡ್ ಇರುವ ದಿಂಡು ಇರುತ್ತದೆ. ಅದಿದ್ದರೆ ಅದನ್ನೇ ಬಳಸಿ. ಅದಿಲ್ಲದ ಹೌಸಿಂಗ್‌ಗೆ ಡ್ರಿಲ್ ಹಿಡಿಯಬೇಡಿ: ಪದರದ ಹಿಂದೆ ಕೂಲಂಟ್ ಹಾದಿಗಳೂ ಟೆನ್ಷನ್ ಬೋಲ್ಟ್‌ನ ತೂತುಗಳೂ ಇವೆ, ದಪ್ಪ ಎಲ್ಲಿ ಎಷ್ಟೆಂದು ಹೊರಗಿನಿಂದ ಗೊತ್ತಾಗುವುದಿಲ್ಲ. ಬದಲಿಗೆ ನಡುವಿನ ಕಬ್ಬಿಣದ ಹೌಸಿಂಗ್‌ನಲ್ಲಿ ಖಾಲಿ ಥ್ರೆಡ್ ತೂತು ಇದ್ದರೆ ಅದು ಎರಡನೇ ಒಳ್ಳೆಯ ಜಾಗ. ಎರಡೂ ರೋಟರ್‌ಗೆ ಸಮದೂರ, ಮೇಲಾಗಿ ಸ್ಟೇಷನರಿ ಗೇರ್‌ಗಳು ಬೋಲ್ಟ್ ಆಗಿರುವುದು ಮುಂದಿನ ಮತ್ತು ಹಿಂದಿನ ಕಬ್ಬಿಣಕ್ಕೆ, ನಡುವಿನದಕ್ಕೆ ಅಲ್ಲ. ಮುಂದಿನ ಕವರ್, ಆಲ್ಟರ್ನೇಟರ್ ಬ್ರಾಕೆಟ್, ಇನ್‌ಟೇಕ್ ಮ್ಯಾನಿಫೋಲ್ಡ್ ಮೇಲೆ ಕೂರಿಸಿದ ಸೆನ್ಸರ್‌ಗಳು ಗ್ರಾಫ್‌ನಲ್ಲಿ ಗೆರೆ ಬಿಡಿಸುತ್ತವೆ, ಅಷ್ಟೇ.

ಶಾಖದ ವಿಷಯ: ಡೋನಟ್‌ನ ಮಿತಿ 130 ಡಿಗ್ರಿ ಸೆಲ್ಸಿಯಸ್. ಎಫ್‌ಡಿಯಲ್ಲಿ ಟರ್ಬೊ, ಪೋರ್ಟ್‌ಗಳು ಒಂದು ಪಕ್ಕ, ಸ್ಪಾರ್ಕ್ ಪ್ಲಗ್‌ಗಳು ಇನ್ನೊಂದು ಪಕ್ಕ. ಪ್ಲಗ್ ಪಕ್ಕದಲ್ಲಿ ಟರ್ಬೊದ ನೇರ ಝಳ ಇಲ್ಲ, ದಹನ ನಡೆಯುವುದೂ ಅಲ್ಲೇ. ಸೆನ್ಸರ್ ಆ ಪಕ್ಕ ಇರಲಿ.

ಅಡಾಪ್ಟರ್: ಕೆಲಸ ಕೆಡುವುದು ಇಲ್ಲಿಯೇ

ಮೂಲ ತೂತು ಸ್ಕ್ರೂ ಸೆನ್ಸರ್‌ಗೆ, ಹೊಸದು ಎಂ8 ಬೋಲ್ಟ್‌ನ ಡೋನಟ್. ನಡುವೆ ಒಂದು ಅಡಾಪ್ಟರ್ ಬೇಕು. ಜಪಾನಿ ಸ್ಕ್ರೂ ಸೆನ್ಸರ್‌ಗಳಲ್ಲಿ ಎಂ12, 1.25 ಪಿಚ್ (ಥ್ರೆಡ್ ಸುತ್ತುಗಳ ನಡುವಿನ ಅಂತರ, ಮಿಲಿಮೀಟರ್‌ನಲ್ಲಿ) ಸಾಮಾನ್ಯ. ಆದರೂ ತಿರುಗಿಸುವ ಮೊದಲು ಪಿಚ್ ಗೇಜ್ ಹಿಡಿದು ಖಚಿತ ಮಾಡಿಕೊಳ್ಳಿ. ಅಲ್ಯೂಮಿನಿಯಂ ಥ್ರೆಡ್‌ನಲ್ಲಿ 1.5 ಪಿಚ್‌ನ ಬೋಲ್ಟ್ ಎರಡು ಸುತ್ತು ಹೋಗಿ ಹಿಡಿದುಕೊಳ್ಳುತ್ತದೆ. ಮೂರನೇ ಸುತ್ತಿಗೆ ಹೌಸಿಂಗ್ ಹಾಳು.

ಸುಲಭವೆಂದು ತೋರುವ ವಿನ್ಯಾಸ: ಎಂ12 ಬೋಲ್ಟ್‌ನ ನಡುವೆ ಎಂ8 ತೂತು ಕೊರೆಯುವುದು. ಎಂ12ರ ಬುಡದ ವ್ಯಾಸ ಸುಮಾರು 10.5 ಮಿಲಿಮೀಟರ್, ಒಳಗೆ 8 ಹೋದರೆ ಗೋಡೆ ಉಳಿಯುವುದು 1.2 ಮಿಲಿಮೀಟರ್. 20 ನ್ಯೂಟನ್ ಮೀಟರ್ ಬಿಗಿತಕ್ಕೆ ಅದು ಸೀಳುತ್ತದೆ, ತುಂಡು ಹೌಸಿಂಗ್‌ನಲ್ಲೇ ಉಳಿಯುತ್ತದೆ. ಒಂದೇ ಉಕ್ಕಿನ ಸರಳಿನಿಂದ ಲೇತ್‌ನಲ್ಲಿ ಕಡೆದ ಸ್ಟಡ್ ಸರಿಯಾದದ್ದು: ಕೆಳಗೆ ಎಂ12 ಗಂಡು ಥ್ರೆಡ್, ನಡುವೆ ಷಟ್ಕೋನದ ಭುಜ, ಮೇಲೆ ಎಂ8 ಗಂಡು ಥ್ರೆಡ್, ಅದರ ಮೇಲೆ ಸೆನ್ಸರ್ ಇಳಿಸಿ ನಟ್.

ಅಳತೆಗಳು ಹೀಗೆ. ಭುಜದ ಎತ್ತರ 10 ಮಿಲಿಮೀಟರ್ ಸಾಕು, 15 ದಾಟಬಾರದು. ಕತ್ತು ಉದ್ದವಾದಷ್ಟೂ ಅಡಾಪ್ಟರ್ ತಾನೇ ಬಾಗಿ ಕಂಪಿಸುತ್ತದೆ. ಭುಜದ ಎರಡೂ ಮುಖ ಒಂದೇ ಹಿಡಿತದಲ್ಲಿ ಕಡೆದಿರಬೇಕು, ಆಗಲೇ ಪರಸ್ಪರ ಸಮಾನಾಂತರ. ಮೇಲಿನ ಮುಖದ ವ್ಯಾಸ 24 ಮಿಲಿಮೀಟರ್. ಸೆನ್ಸರ್‌ನ ಕೆಳಗೆ ಕಾಣುವ ಹಿತ್ತಾಳೆ ತೋಳಿನ ಮುಖ ಪೂರ್ತಿಯಾಗಿ ಲೋಹಕ್ಕೆ ತಾಗಬೇಕು, ಪ್ಲಾಸ್ಟಿಕ್ ತಾಗಬಾರದು. ಎಂ12 ಥ್ರೆಡ್‌ನ ಉದ್ದ ತೂತಿನ ಆಳಕ್ಕಿಂತ 2 ಮಿಲಿಮೀಟರ್ ಕಡಿಮೆ. ತೂತಿನ ತಳಕ್ಕೆ ತುದಿ ಮೊದಲು ತಾಗಿದರೆ ಭುಜ ಕೂರುವುದೇ ಇಲ್ಲ, ಟಾರ್ಕ್ ರೆಂಚ್ ಮಾತ್ರ ಕ್ಲಿಕ್ ಎನ್ನುತ್ತದೆ. ಭುಜದ ಕೆಳಗೆ ಥ್ರೆಡ್ ಮುಗಿಯುವಲ್ಲಿ ಸಣ್ಣ ಕಾಲುವೆ ಕಡೆಯಿರಿ, ಇಲ್ಲದಿದ್ದರೆ ಕೊನೆಯ ಅರ್ಧ ಸುತ್ತು ಭುಜವನ್ನು ಎತ್ತಿ ಹಿಡಿಯುತ್ತದೆ. ಎಂ8 ಭಾಗದ ಉದ್ದ: ಸೆನ್ಸರ್ ತೋಳಿನ ಎತ್ತರ, ನಟ್ ಎತ್ತರ, ಮೇಲೆ ಎರಡು ಸುತ್ತು.

ಹೌಸಿಂಗ್ ದಿಂಡಿನ ಮುಖದಲ್ಲಿ ಹಳೆಯ ಬಣ್ಣ, ತುಕ್ಕು, ಗ್ಯಾಸ್ಕೆಟ್ ಅಂಟು ಇದ್ದರೆ ಚಪ್ಪಟೆ ಕಲ್ಲಿನಿಂದ ತಿಕ್ಕಿ ಹೊಳಪು ಲೋಹ ಕಾಣಿಸಿ, ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಸ್ಟಡ್ ಅನ್ನು 25 ನ್ಯೂಟನ್ ಮೀಟರ್‌ಗೆ ಬಿಗಿಯಿರಿ. ಥ್ರೆಡ್‌ಲಾಕ್ ಹಾಕುವುದಾದರೆ ಕೆಳಗಿನ ಎರಡು ಸುತ್ತಿಗೆ ಒಂದು ಹನಿ, ಮುಖಕ್ಕೆ ಸೋಕಬಾರದು. ಟೆಫ್ಲಾನ್ ಟೇಪ್ ಬೇಡ. ಸೆನ್ಸರ್ ನಟ್‌ಗೆ 20 ನ್ಯೂಟನ್ ಮೀಟರ್, ಬಾಷ್ ಕೊಡುವ ಮಿತಿ ಹೆಚ್ಚು ಕಡಿಮೆ 5. ವಾಷರ್ ಮೇಲೂ ಬೇಡ, ಕೆಳಗೂ ಬೇಡ. ಸ್ಪ್ರಿಂಗ್ ವಾಷರ್ ಅಂತೂ ಬೇಡವೇ ಬೇಡ. ಡೋನಟ್‌ನ ಸಂವೇದನೆ ನಿಂತಿರುವುದು ಆ ಒತ್ತಡದ ಮೇಲೆ. ಸಡಿಲ ಇದ್ದರೆ ಸದ್ದು ಹಾರಿಹಾರಿ ಬರುತ್ತದೆ, ಅತಿ ಬಿಗಿದರೆ ಹರಳಿನ ಉಂಗುರ ಒಡೆಯುತ್ತದೆ. ನಟ್ ಬಿಗಿಯುವಾಗ ಸೆನ್ಸರ್ ಮೈ ತಿರುಗದಂತೆ ಕೈಯಲ್ಲಿ ಹಿಡಿಯಿರಿ, ವೈರ್ ಹೊರಡುವ ದಿಕ್ಕು ಕೆಳಗೆ ಇರಲಿ, ಆಗ ಎಣ್ಣೆ ಕನೆಕ್ಟರ್‌ನಲ್ಲಿ ನಿಲ್ಲುವುದಿಲ್ಲ.

ವೈರ್

ಎರಡು ತಂತಿ, ಹೊರಗೆ ಹೆಣೆದ ಶೀಲ್ಡ್, ಶಾಖ ತಡೆಯುವ ಹೊದಿಕೆ. ಶೀಲ್ಡ್‌ನ ಒಂದು ತುದಿ ಮಾತ್ರ ನೆಲಕ್ಕೆ, ಅದೂ ಇಸಿಯು ಕಡೆ. ಸೆನ್ಸರ್ ಕಡೆ ಕತ್ತರಿಸಿ ಮುಚ್ಚಿ. ಎರಡೂ ತುದಿ ನೆಲಕ್ಕೆ ಹೋದರೆ ಎಂಜಿನ್‌ಗೂ ಬಾಡಿಗೂ ನಡುವಿನ ಕರೆಂಟ್ ಶೀಲ್ಡ್‌ನಲ್ಲೇ ಹರಿದು ಇಗ್ನಿಷನ್ ಸದ್ದು ತುಂಬಿಕೊಳ್ಳುತ್ತದೆ. ರೋಟರಿಯಲ್ಲಿ ಇದು ದುಪ್ಪಟ್ಟು ಕಾಟ: ಒಂದು ರೋಟರ್‌ಗೆ ಎರಡು ಪ್ಲಗ್, ಸೆನ್ಸರ್ ಇರುವುದೂ ಪ್ಲಗ್ ಪಕ್ಕದಲ್ಲೇ. ಪ್ಲಗ್ ವೈರ್‌ಗೆ ಸಮಾನಾಂತರವಾಗಿ ಎಳೆಯಬೇಡಿ. ದಾಟಲೇಬೇಕಾದರೆ ಅಡ್ಡವಾಗಿ ದಾಟಿಸಿ.

ವೈರ್ ಉದ್ದವೂ ಲೆಕ್ಕಕ್ಕೆ ಬರುತ್ತದೆ. ಪೀಜೋ ಕೊಡುವುದು ಚಾರ್ಜ್, ಅದು ವೈರ್‌ನ ಕೆಪಾಸಿಟೆನ್ಸ್ ಜೊತೆ ಹಂಚಿಹೋಗುತ್ತದೆ. ಮೀಟರಿಗೆ 100 ಪಿಕೊಫ್ಯಾರಡ್‌ನ ವೈರ್ 2 ಮೀಟರ್ ಎಂದರೆ 1150 ಹೋಗಿ 1350 ಆಯಿತು, ಸಿಗ್ನಲ್ ಶೇ. 15 ಇಳಿಯಿತು. ತೊಂದರೆಯಿಲ್ಲ, ಆದರೆ ಹಾರ್ನೆಸ್ ಬದಲಿಸಿದರೆ ಹಳೆಯ ಮಿತಿಗಳನ್ನು ಮತ್ತೆ ಅಳೆಯಬೇಕು.

ಮೌನದ ನಕ್ಷೆ

ಎಂಜಿನ್ ಚಾಲೂ ಮಾಡದೆ ಮೊದಲ ಪರೀಕ್ಷೆ: ಇಗ್ನಿಷನ್ ಆನ್, ಸೆನ್ಸರ್ ಬಳಿಯ ಕಬ್ಬಿಣಕ್ಕೆ ಸಣ್ಣ ಸ್ಪ್ಯಾನರ್‌ನಿಂದ ತಟ್ಟಿ, ಲಾಗ್‌ನಲ್ಲಿ ಚೂಪಾದ ಏರಿಕೆ ಬರಬೇಕು. ಬಳಿಕ ಇನ್ನೊಂದು ರೋಟರ್ ಹೌಸಿಂಗ್ ಬಳಿ ಅಷ್ಟೇ ಬಲದಿಂದ ತಟ್ಟಿ. ಎಷ್ಟು ಕಡಿಮೆ ಬಂತೋ ಬರೆದಿಡಿ, ರೋಟರ್‌ವಾರು ಗೇನ್ (ಸಿಗ್ನಲ್ಲನ್ನು ಎಷ್ಟು ಹಿಗ್ಗಿಸಬೇಕೆಂಬ ಅಳತೆ) ಹೊಂದಿಸಲು ಅದೇ ಮೊದಲ ಅಂದಾಜು.

ಕೋನದ ಕಿಟಕಿ: ಪಿಸ್ಟನ್ ಎಂಜಿನ್‌ನಲ್ಲಿ ಟಾಪ್ ಡೆಡ್ ಸೆಂಟರ್ ನಂತರ 10ರಿಂದ 60 ಡಿಗ್ರಿ ನೋಡುವುದು ರೂಢಿ. ಅಲ್ಲಿ ಒಂದು ಸ್ಟ್ರೋಕ್ 180 ಡಿಗ್ರಿ. ರೋಟರಿಯಲ್ಲಿ ಎಕ್ಸೆಂಟ್ರಿಕ್ ಶಾಫ್ಟ್‌ನ 270. ಒಂದೂವರೆ ಪಟ್ಟು ಹಿಗ್ಗಿಸಿ 15ರಿಂದ 90ರಿಂದ ಶುರುಮಾಡಿ. ಎರಡು ರೋಟರ್‌ಗಳ ದಹನ 180 ಡಿಗ್ರಿ ಅಂತರದಲ್ಲಿ ಇರುವುದರಿಂದ ಕಿಟಕಿಗಳು ಒಂದರ ಮೇಲೊಂದು ಬೀಳುವುದಿಲ್ಲ. ಬೂಸ್ಟ್‌ನಲ್ಲಿ ಟ್ರೇಲಿಂಗ್ ಪ್ಲಗ್ ಸಾಮಾನ್ಯವಾಗಿ ಲೀಡಿಂಗ್ ಪ್ಲಗ್‌ಗಿಂತ 10–15 ಡಿಗ್ರಿ ತಡವಾಗಿ ಸಿಡಿಯುತ್ತದೆ; ಟೈಮಿಂಗ್ ಬಹಳ ಹಿಂದೆ ಇರುವ ಜಾಗಗಳಲ್ಲಿ ಆ ಕಿಡಿ ಕಿಟಕಿಯ ಆರಂಭಕ್ಕೆ ಬಂದು ಸುಳ್ಳು ಗೆರೆ ಎಳೆಯುತ್ತದೆ. ಹಾಗಾದರೆ ಕಿಟಕಿಯ ಬಾಗಿಲನ್ನು ಅಲ್ಲಿ ತಡವಾಗಿ ತೆರೆಯಿರಿ.

ಈಗ ನಾಕ್ ಇಲ್ಲದ ಸದ್ದನ್ನು ಅಳೆಯುವ ಸರದಿ. ಬೂಸ್ಟ್ ವೇಸ್ಟ್‌ಗೇಟ್ (ಟರ್ಬೊ ಒತ್ತಡ ಮಿತಿಗೊಳಿಸುವ ಕವಾಟ) ಸ್ಪ್ರಿಂಗ್‌ನ ಕನಿಷ್ಠಕ್ಕೆ, ಸಿಗುವ ಅತಿ ಹೆಚ್ಚು ಆಕ್ಟೇನ್ ಇಂಧನ, ಗಾಳಿ-ಇಂಧನ ಮಿಶ್ರಣ 11ಕ್ಕೆ 1ರ ಆಸುಪಾಸು, ಟೈಮಿಂಗ್ ಮಾಮೂಲಿಗಿಂತ 4 ಡಿಗ್ರಿ ಹಿಂದೆ. ಕೂಲಂಟ್ ಪೂರ್ತಿ ಬಿಸಿಯಾಗಿರಲಿ, ತಣ್ಣಗಿನ ಎಂಜಿನ್‌ನ ಸದ್ದೇ ಬೇರೆ. 2000ದಿಂದ 7500 ಆರ್‌ಪಿಎಂವರೆಗೆ ಎಳೆದು, 500ಕ್ಕೊಂದು ಕೋಶದಂತೆ ದಾಖಲಿಸಿ. ಎಳೆತ ಚಿಕ್ಕದಿರಲಿ, ನಡುವೆ ಬಿಡುವು ಕೊಡಿ. ಹಿಂದೆ ಸರಿಸಿದ ಟೈಮಿಂಗ್ ಎಕ್ಸಾಸ್ಟ್ ಶಾಖವನ್ನು ಏರಿಸುತ್ತದೆ, ಟರ್ಬೊ ಮ್ಯಾನಿಫೋಲ್ಡ್ ಮೊದಲೇ ಕೆಂಪಾಗುವ ಜಾತಿ. ಮೂರು ಸಲ ಪುನರಾವರ್ತಿಸಿ. ಮೂರೂ ಒಂದರ ಮೇಲೊಂದು ಕೂರದಿದ್ದರೆ ಮುಂದೆ ಹೋಗಬೇಡಿ, ಅಡಾಪ್ಟರ್ ಅಥವಾ ಶೀಲ್ಡ್‌ನಲ್ಲಿ ದೋಷವಿದೆ.

ಇದನ್ನೇ 4.5, 6, 7.5, 12 ಕಿಲೋಹರ್ಟ್ಸ್ ಫಿಲ್ಟರ್‌ಗಳಲ್ಲಿ ಮಾಡಿ ನೋಡಿ. ಅತಿ ಕಡಿಮೆ ಸದ್ದಿನ ಪಟ್ಟಿ ಆರಿಸುವ ಆಸೆ ಬರುತ್ತದೆ, ಆದರೆ 12ರಲ್ಲಿ ಮೌನವಿರುವುದು ನಾಕೂ ಅಲ್ಲಿ ಸಣ್ಣದಿರುವುದರಿಂದ ಇರಬಹುದು. ನಾಕ್ ಬೀಳಬಹುದಾದ 5ರಿಂದ 8ರ ನಡುವೆ, ಗೇರ್‌ನ ಉಬ್ಬು ಗರಿಷ್ಠ ಟಾರ್ಕ್‌ನ ಆರ್‌ಪಿಎಂ ಮೇಲೆ ಬೀಳದಂಥ ಪಟ್ಟಿ ಬೇಕು. ಈ ಎಂಜಿನ್‌ನಲ್ಲಿ 6 ಬಿಟ್ಟು 7.5 ಹಿಡಿಯಲು ಕಾರಣ ಅದೇ: 7.5ಕ್ಕೆ ಎರಡನೇ ಹಾರ್ಮೋನಿಕ್ ತಲುಪುವುದು 6600 ಆರ್‌ಪಿಎಂ ಹತ್ತಿರ, ಆ ಹೊತ್ತಿಗೆ ಟಾರ್ಕ್ ಇಳಿಮುಖ.

ಗೇನ್ ಅನ್ನು ಗರಿಷ್ಠ ಆರ್‌ಪಿಎಂನ ಸದ್ದು ಇಸಿಯು ಅಳತೆಯ ಮೂರನೇ ಒಂದು ಭಾಗ ಮುಟ್ಟುವಂತೆ ಇಡಿ. ಅದಕ್ಕಿಂತ ಏರಿಸಿದರೆ ನಾಕ್ ಬಂದಾಗ ತಲೆಯೆತ್ತಲು ಜಾಗವಿಲ್ಲ. ನಾಕ್ ಎಂದು ಎಣಿಸುವ ಮಿತಿ ಪ್ರತಿ ಕೋಶದ ಸರಾಸರಿಯದಲ್ಲ, ಅಲ್ಲಿ ಕಂಡ ಅತಿ ದೊಡ್ಡ ಓದಿನ ಒಂದೂವರೆ ಪಟ್ಟು. ನಂತರ ಟೈಮಿಂಗ್ ಒಂದೊಂದೇ ಡಿಗ್ರಿ ಮಾಮೂಲಿಗೆ ತನ್ನಿ, ಮಾಮೂಲಿಯಲ್ಲೇ ನಿಲ್ಲಿ.

ಮಿತಿ ದಾಟಿದಾಗ ಇಸಿಯು ಏನು ಮಾಡಬೇಕು? ಲೀಡಿಂಗ್ ಒಂದನ್ನೇ 5 ಡಿಗ್ರಿ ಹಿಂದೆಳೆದರೆ ಹತ್ತು ಡಿಗ್ರಿಯ ಅಂತರ ಐದಾಗುತ್ತದೆ. ಎರಡನೇ ಸಲ ಹಿಂದೆಳೆದರೆ ಅಂತರವೇ ಇಲ್ಲ, ಮೂರನೆಯದಕ್ಕೆ ಟ್ರೇಲಿಂಗ್ ಮೊದಲು ಸಿಡಿಯುತ್ತದೆ, ಅದೂ ನಾಕ್ ಹುಟ್ಟುವ ಮೂಲೆಯಲ್ಲೇ. ಎರಡನ್ನೂ ಒಟ್ಟಿಗೆ ಹಿಂದೆಳೆಯಿರಿ, ಜೊತೆಗೆ ಬೂಸ್ಟ್ ಇಳಿಸಿ. ಮೊದಲ ಗೆರೆಗೇ ಬೂಸ್ಟ್ ಕತ್ತರಿಸುವುದು ಅತಿಯೆನಿಸಬಹುದು. 2 ಮಿಲಿಮೀಟರ್ ಸೀಲ್ ನೆನಪಿರಲಿ.

ನಂತರ ಕಾಣುವ ವಿಚಿತ್ರಗಳು

ಒಂದೇ ರೋಟರ್‌ನಲ್ಲಿ ಪ್ರತಿ ಮೂರನೇ ದಹನಕ್ಕೆ ಗೆರೆ ಏಳುತ್ತಿದ್ದರೆ ಅದು ನಾಕ್ ಅಲ್ಲದೆಯೂ ಇರಬಹುದು. ರೋಟರ್‌ಗೆ ಮೂರು ಮುಖ, ಶಾಫ್ಟ್ ಮೂರು ಸುತ್ತು ಹಾಕಿದಾಗ ಅದೇ ಮುಖ ಮರಳುತ್ತದೆ. ಒಂದು ಅಪೆಕ್ಸ್ ಸೀಲ್ ಅಥವಾ ಅದರ ಸ್ಪ್ರಿಂಗ್ ಸೋತಿದ್ದರೆ ಈ ಲಯ ಬರುತ್ತದೆ. ಮೂರು ಮುಖಗಳನ್ನೂ ಬೇರೆಬೇರೆ ತೋರಿಸುವ ರೋಟರಿ ಕಂಪ್ರೆಷನ್ ಟೆಸ್ಟರ್‌ನಿಂದ ಪರೀಕ್ಷಿಸಿ.

ಎಲ್ಲ ಆರ್‌ಪಿಎಂನಲ್ಲೂ ಸದ್ದು ಒಟ್ಟಿಗೆ ಏರಿದರೆ ಟರ್ಬೊದ ಹೀಟ್ ಶೀಲ್ಡ್ ಬೋಲ್ಟ್ ಸಡಿಲ, ಇಲ್ಲವೇ ಸೆನ್ಸರ್ ನಟ್. ಒಟ್ಟಿಗೆ ಇಳಿದರೆ ಕನೆಕ್ಟರ್‌ನಲ್ಲಿ ಎಣ್ಣೆ. ಹೆಡ್‌ಲೈಟ್ ಅಥವಾ ಫ್ಯಾನ್ ಹಾಕಿದಾಗ ಮಾತ್ರ ಬದಲಾದರೆ ಶೀಲ್ಡ್‌ನ ನೆಲ.

ಹೆಡ್‌ಫೋನ್‌ನಲ್ಲಿ ಕೇಳುವ ಅಭ್ಯಾಸವಿದ್ದರೆ ಅದಕ್ಕೆ ಎರಡನೇ ಡೋನಟ್ ಪ್ರತ್ಯೇಕವಾಗಿ ಕೂರಿಸಿ. ಇಸಿಯು ಸೆನ್ಸರ್‌ನ ವೈರ್‌ನಿಂದಲೇ ಕವಲು ತೆಗೆದರೆ ಆಂಪ್ಲಿಫೈಯರ್‌ನ ಹೊರೆ ಸಿಗ್ನಲ್ ತಿಂದು, ಕಷ್ಟಪಟ್ಟು ಅಳೆದ ನಕ್ಷೆ ಅಲ್ಲಿಗೇ ಸುಳ್ಳಾಗುತ್ತದೆ.

ಎಂಜಿನ್ ಬಿಚ್ಚಿ ಜೋಡಿಸಿದ ಪ್ರತಿ ಸಲ, ಎಂಜಿನ್ ಮೌಂಟ್ ಗಟ್ಟಿಯದಕ್ಕೆ ಬದಲಿಸಿದಾಗ, ಅಪೆಕ್ಸ್ ಸೀಲ್‌ನ ತಯಾರಿಕೆ ಬದಲಿಸಿದಾಗ ಮೌನದ ನಕ್ಷೆ ಮೊದಲಿನಿಂದ. ಹೊಸ ಸೀಲ್‌ಗಳು ಹೌಸಿಂಗ್‌ಗೆ ಒಗ್ಗಿಕೊಳ್ಳುವವರೆಗೆ ಸದ್ದು ವಾರದಿಂದ ವಾರಕ್ಕೆ ಇಳಿಯುತ್ತಿರುತ್ತದೆ. ರನ್ನಿಂಗ್-ಇನ್ ಮುಗಿಯುವ ಮುನ್ನ ಅಳೆದ ಮಿತಿ ಆಮೇಲೆ ತೀರಾ ಸಡಿಲವಾಗುತ್ತದೆ.